ಬಾಯಿ ಬಂದ ರೋಬೋ

ನಮ್ಮ ರೋಬೋಗೆ ಬಾಯಿ ಇಟ್ಟಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಅರಸೀಕೆರೆಯ ನಮ್ಮ ಮಂಡಿಯಲ್ಲಿ ಕೊಬ್ಬರಿ ಚೀಲಕ್ಕೆ ಒರಗಿ ಕೂತಿದ್ದೆ. ಚಿಕ್ಕಂದಿನಲ್ಲಿ ನಾವು ನೋಡುತ್ತಿದ್ದ ರೋಬೋ ಕಾರ್ಟೂನನ್ನು ಹೊಸದಾಗಿ ಮಾಡುತ್ತಾರಂತೆ ಎಂದು ಬಹಳ ದಿನದಿಂದ ಮಾತಿತ್ತು. ಈಗ ಮೊಬೈಲಿನಲ್ಲಿ ಪೋಸ್ಟರು ತೆರೆದು ನೋಡಿದರೆ ಅದರ ಸೊಂಟ ಸಣ್ಣಗಾಗಿದೆ, ಗದ್ದ ಚೂಪಾಗಿದೆ, ಕಣ್ಣಿನ ಮೇಲೆ ಹುಬ್ಬು ಬಂದಿದೆ, ಕೆಳಗೆ ಒಂದು ಬಾಯಿ, ಆ ಬಾಯಲ್ಲಿ ನಗು ಬೇರೆ. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ದಾಟಿದ ಕೊಬ್ಬರಿ ವ್ಯಾಪಾರಿ ಕಾರ್ಟೂನಿಗೆ ಹೀಗೆ ಉರಿದುಕೊಳ್ಳುತ್ತಾನೆಯೇ ಎಂದು ನೀವು ಕೇಳಬಹುದು. ಕೇಳಿ, ಪರವಾಗಿಲ್ಲ. ನಮ್ಮಪ್ಪ ದಿನಾ ಕೇಳುತ್ತಾರೆ.

ಈ ಕಾರ್ಟೂನಿನ ಅಭಿಮಾನಿಗಳದ್ದೇ ಒಂದು ಗ್ರೂಪು ಮೊಬೈಲಿನಲ್ಲಿದೆ. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಮುತ್ತಲಿನವರೇ ಎಲ್ಲ. ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ, ಜಗಳ ಆಡಿದ್ದು ಮಾತ್ರ ಸಾಕಷ್ಟು. ಪೋಸ್ಟರು ಬಂದ ಗಳಿಗೆಯಿಂದ ಗ್ರೂಪಿನಲ್ಲಿ ಬಾಯಿ ಬೇಕು ಅನ್ನುವವರು, ಬೇಡ ಅನ್ನುವವರು ಎಂದು ಎರಡು ಪಾರ್ಟಿ ಆಗಿಹೋಯಿತು. ಬೇಲೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ಅಕ್ಕ ಬಾಯಿ ಬೇಕು ಅನ್ನುವವರ ಮುಂದಾಳು. "ದಿನಾ ಎಷ್ಟು ಜನರ ಮುಖ ನೋಡ್ತೀನಿ ನಾನು, ಹುಬ್ಬಿಲ್ದೆ ಮುಖಕ್ಕೆ ಕಳೆ ಬರಲ್ಲ ಕಣ್ರಪ್ಪ" ಎಂದು ಬರೆದರು. ಬಾಣಾವರದ ಮೇಷ್ಟ್ರೊಬ್ಬರು ನಮ್ಮ ಕಡೆ. "ಹೊಸದ್ರಲ್ಲಿ ಗೆರೆ ನಡುಗೋದೇ ಇಲ್ಲ. ಹಳೇದ್ರಲ್ಲಿ ಕೈಲಿ ಬಿಡಿಸಿದ ಗೆರೆ ಒಂಚೂರು ನಡುಗ್ತಿತ್ತು, ಅದೇ ಅದರ ಜೀವ" ಎಂದು ಅವರ ವಾದ. ಗೆಂಡೆಹಳ್ಳಿಯ ಒಬ್ಬ ಶುಂಠಿ ಬೆಳೆಗಾರ, ಯಾವಾಗಲೂ ಒಂದೇ ಸಾಲು ಬರೆದು ಮಾಯವಾಗುವವನು, "ತಗಡಿಗೆ ತುಟಿ ಯಾಕ್ಲಾ, ಕಾಫಿ ಕುಡಿಯಕಾ" ಎಂದು ಕೇಳಿ ಹೋದ. ನಾನು ಇಡೀ ಮಧ್ಯಾಹ್ನ ಕೂತು ಉದ್ದುದ್ದ ಬರೆದೆ. ತೂಕದ ಯಂತ್ರದ ಮುಂದೆ ರೈತರು ಕಾಯುತ್ತಿದ್ದರು, ಅಪ್ಪ ಗುಮಾಸ್ತನ ಮುಂದೆಯೇ ಬೈದರು.

ಆ ಉದ್ದದ ಬರಹದ ಸಾರ ಇಷ್ಟೇ. ಹಳೆಯ ರೋಬೋ ಮುಖದಲ್ಲಿ ಎರಡು ದುಂಡು ಕಣ್ಣು ಬಿಟ್ಟರೆ ಬರೀ ತಗಡು. ಅದರ ಸಿಟ್ಟು, ಸಂಕಟ, ಖುಷಿ ಎಲ್ಲವೂ ಭುಜದಲ್ಲಿ, ಕತ್ತಿನ ಬಾಗಿನಲ್ಲಿ. ಒಂದು ಕಂತಿನಲ್ಲಿ ಅದನ್ನು ಸಾಕಿದ ಮನೆಯವರು ಬೈದು ಹೊರಗೆ ಹಾಕುತ್ತಾರೆ. ಗೇಟು ಮುಚ್ಚಿಕೊಳ್ಳುತ್ತದೆ. ರೋಬೋ ಹಾಗೇ ನಿಂತಿರುತ್ತದೆ, ಆಮೇಲೆ ನಿಧಾನವಾಗಿ ಅದರ ಒಂದು ಭುಜ, ಎಡಗಡೆಯದು ಮಾತ್ರ, ಇಳಿಯುತ್ತದೆ. ಅಷ್ಟೇ. ಅದನ್ನು ನೋಡಿ ನಾನು ಹುಡುಗನಾಗಿದ್ದಾಗ ಅತ್ತಿದ್ದೇನೆ. ಆ ಜಾಗದಲ್ಲಿ ಬಾಯಿ ಸೊಟ್ಟ ಮಾಡಿಸಿ ಅಳಿಸಿದರೆ ಅದು ಚಿತ್ರವೇ ಎಂದು ಕೇಳಿದ್ದೆ.

ಇಷ್ಟು ಬರೆದು ನಾನು ಕಾದದ್ದು ಒಬ್ಬನ ಮಾತಿಗೆ. ಹಳೇಬೀಡಿನ ನನ್ನ ಗೆಳೆಯನ ಮಾತಿಗೆ.

ನಾನು ಹುಟ್ಟಿದ್ದು ಬೆಳೆದದ್ದು ಹಳೇಬೀಡಿನಲ್ಲೇ. ಅಪ್ಪ ಆಗ ಅಲ್ಲಿ ತೆಂಗಿನಕಾಯಿ ಕೊಂಡು ಅರಸೀಕೆರೆಗೆ ಸಾಗಿಸುತ್ತಿದ್ದರು. ಬಸದಿಗೆ ಹೋಗುವ ದಾರಿಯಲ್ಲಿ ಅವನ ಮನೆ, ಅದರ ಹಿಂದಿನ ಬೀದಿಯಲ್ಲಿ ನಮ್ಮದು. ಅವರು ಜೈನರು, ಪಾತ್ರೆ ಅಂಗಡಿಯವರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ, ಟಿವಿ ತಂದರೆ ಮಕ್ಕಳು ಕೆಡುತ್ತಾರೆ ಎಂದು ಅಪ್ಪ ತರಲಿಲ್ಲ. ಹಾಗಾಗಿ ನಾನು ಅವನ ಮನೆಯಲ್ಲಿ ಕೆಟ್ಟೆ. ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ರೋಬೋ ಕಾರ್ಟೂನು ಬರುತ್ತಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ. ಅವನ ಅಮ್ಮ ನನಗೂ ಒಂದು ತಟ್ಟೆ ಹಾಕುತ್ತಿದ್ದರು. ಬೆಳ್ಳುಳ್ಳಿ ಇಲ್ಲದ ಆ ತಿಳಿಸಾರನ್ನು ಅಷ್ಟು ರುಚಿಯಾಗಿ ಬೇರೆ ಎಲ್ಲೂ ನಾನು ಉಂಡಿಲ್ಲ. ಮತ್ತೆ ರಾತ್ರಿ ನಮ್ಮ ಮನೆಯಲ್ಲಿ ಇನ್ನೊಂದು ಊಟ. ಎರಡೆರಡು ಊಟ ಮಾಡಿ ನಾನು ಗುಂಡಗಾದೆ, ಅವನು ಕಡ್ಡಿಯಂತೆ ಉಳಿದ.

ಟಿವಿಯಲ್ಲಿ ಅದು ಹಿಂದಿಯಲ್ಲಿ ಬರುತ್ತಿತ್ತು. ನಮಗೆ ಹಿಂದಿ ಎಲ್ಲಿಂದ ಬರಬೇಕು? ಉಳಿದವರು ಬಡಬಡ ಮಾತಾಡುತ್ತಿದ್ದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮಾತೇ ಆಡದ ರೋಬೋ ಒಂದೇ ನಮಗೆ ತಿಳಿಯುವಂತಿತ್ತು. ಅದರ ಭುಜ ನೋಡಿ ನಾನು ಕಥೆ ಹೇಳುತ್ತಿದ್ದೆ. ಈಗ ಇದಕ್ಕೆ ಬೇಜಾರಾಗಿದೆ, ಈಗ ಇದು ಸೇಡು ತೀರಿಸಿಕೊಳ್ಳುತ್ತದೆ ಎಂದು. ಗೆಳೆಯ ನನ್ನ ಹಿಂದೆ ಕಂಬಕ್ಕೆ ಒರಗಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹೂಂ ಹೂಂ ಅನ್ನುತ್ತಿದ್ದ. ನಾನು ಏನು ಹೇಳಿದರೂ ಅವನು ಹೂಂ ಅನ್ನುವವನೇ. ಇಷ್ಟು ವರ್ಷದಲ್ಲಿ ನಮಗಿಬ್ಬರಿಗೂ ಜಗಳ ಅಂತ ಆಗಿಲ್ಲ. ಇದನ್ನು ನಾನು ಬಹಳ ಜನರ ಮುಂದೆ ಜಂಬದಿಂದ ಹೇಳಿಕೊಂಡಿದ್ದೇನೆ.

ನಾವು ಅರಸೀಕೆರೆಗೆ ಬಂದ ಮೇಲೂ ಭಾನುವಾರ ಬಂತೆಂದರೆ ನಾನು ಜಾವಗಲ್ ಬಸ್ಸು ಹತ್ತುತ್ತಿದ್ದೆ, ದೊಡ್ಡವನಾದ ಮೇಲೆ ಬೈಕು. ಯಾವ ಹೊಸ ಕಾರ್ಟೂನು ಬರಲಿ, ಒಬ್ಬನೇ ನೋಡಬಾರದು, ಭಾನುವಾರ ಇಬ್ಬರೂ ಕೂತು ನೋಡಬೇಕು ಎಂದು ಒಪ್ಪಂದ. ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದವಲ್ಲ, ತಾನಾಗಿಯೇ ಆಗಿಹೋಗಿತ್ತು. ಹೋದ ವರ್ಷ ಅವನಿಗೆ ಮದುವೆಯಾಯಿತು.

ಹುಡುಗಿ ಹಾಸನದ ಕಡೆಯವಳು. ಒಳ್ಳೆಯವಳು. ನನ್ನನ್ನು ಅಣ್ಣ ಅನ್ನುತ್ತಾಳೆ, ಹೋದ ಕೂಡಲೇ ನೀರು ಕೊಡುತ್ತಾಳೆ, ನನಗಿನ್ನೂ ಹೆಣ್ಣು ಸಿಕ್ಕಿಲ್ಲ ಎಂದು ಗೆಳೆಯನ ಅಮ್ಮ ಅಂದರೆ ಮಾತು ಬದಲಾಯಿಸುತ್ತಾಳೆ. ತಪ್ಪು ಹುಡುಕೋಣವೆಂದರೆ ಒಂದೂ ಸಿಗುವುದಿಲ್ಲ, ಅದಕ್ಕೇ ನನಗೆ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಮೊದಲು ಅವನು "ನಾವು" ಅಂದರೆ ನಾನೂ ಅವನೂ ಎಂದರ್ಥ. ಈಗ "ನಾವು ಮೊನ್ನೆ ಬೇಲೂರಿಗೆ ಹೋಗಿದ್ವಿ" ಅಂದರೆ ನಾನು ಹೋಗಿರುವುದಿಲ್ಲ. ನನ್ನ ಮೆಸೇಜಿಗೆ ಉತ್ತರ ಸಂಜೆಯ ತನಕ ಬರುವುದಿಲ್ಲ. ಟಿವಿ ಮುಂದೆ ನಾನು ಕೂರುತ್ತಿದ್ದ ಜಾಗದಲ್ಲಿ ಅವಳ ಹೊಲಿಗೆ ಮಿಷನ್ನು ಬಂದಿದೆ.

ಗ್ರೂಪಿನಲ್ಲಿ ನನ್ನ ಬರಹ ಹಾಕಿದ ಮಾರನೆಯ ದಿನ ಅವನ ಉತ್ತರ ಬಂತು. "ನನಗೇನೋ ಹೊಸದೇ ಚೆನ್ನಾಗಿದೆ ಅನ್ಸುತ್ತೆ. ಬಾಯಿ ಇರ್ಲಿ ಬಿಡ್ರಪ್ಪ." ಬೇಲೂರಕ್ಕ ಅದಕ್ಕೆ ಹೂವು, ಹೃದಯ, ಚಪ್ಪಾಳೆ ಎಲ್ಲ ಹಾಕಿದರು. ನಾನು ಎರಡು ಸಲ ಓದಿದೆ. ಬೇರೆ ಯಾರೋ ಅವನ ಫೋನಿನಿಂದ ಬರೆದಿದ್ದಾರೆ ಅನ್ನಿಸಿತು. ಐದು ನಿಮಿಷಕ್ಕೆ ನನಗೊಬ್ಬನಿಗೇ ಪ್ರತ್ಯೇಕವಾಗಿ, "ಬೇಜಾರ್ ಮಾಡ್ಕೋಬೇಡ ಕಣೋ" ಎಂದು ಬಂತು.

ಇದು ಅವಳದೇ ಕೆಲಸ ಎಂದು ನನಗೆ ಖಾತ್ರಿಯಾಯಿತು. ಸಾಕ್ಷಿ ಕೂಡ ಸಿಕ್ಕಿತು. ಅದೇ ವಾರ ಅವಳು ಮೊಬೈಲಿನ ಸ್ಟೇಟಸ್ಸಿನಲ್ಲಿ ಮನೆ ಮುಂದಿನ ರಂಗೋಲಿ ಹಾಕಿದ್ದಳು. ಹೊಸ ರೋಬೋದ ಮುಖ, ಚೂಪು ಗದ್ದ, ಹುಬ್ಬು, ಕೆಂಪು ಪುಡಿ ತುಂಬಿದ ಬಾಯಿ. ಮದುವೆಯಾಗಿ ಬಂದವಳಿಗೆ ಹೊಸದು ಇಷ್ಟ, ಅವಳಿಗೆ ಇಷ್ಟ ಎಂದು ಇವನಿಗೂ ಇಷ್ಟ. ಹೆಂಡತಿ ಕುಣಿಸಿದ ಹಾಗೆ ಕುಣಿಯುತ್ತಾನೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಹೊಸ ಕಾರ್ಟೂನು ಶುರುವಾಯಿತು, ಪ್ರತಿ ಶುಕ್ರವಾರ ಒಂದೊಂದು ಕಂತು. ಎರಡನೆಯ ಕಂತನ್ನು ನಾವಿಬ್ಬರೂ ಭಾನುವಾರ ಅವನ ಮನೆಯಲ್ಲಿ ನೋಡುತ್ತಿದ್ದೆವು. ಅದರಲ್ಲಿ ರೋಬೋ ಒಂದು ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಕೆರೆಗೆ ಬೀಳುತ್ತದೆ. ಬೀಳುವುದಕ್ಕಿಂತ ಮೊದಲೇ, ಅದು ಇನ್ನೂ ಏರಿಯ ಮೇಲೆ ಓಡುತ್ತಿರುವಾಗಲೇ ನನ್ನ ಗೆಳೆಯ ನಕ್ಕ. ನಾನು ತಿರುಗಿ ನೋಡಿದೆ. ಅವನು ಕೆಮ್ಮಿದ ಹಾಗೆ ಮಾಡಿದ. ಅವನು ಅದನ್ನು ಆಗಲೇ ನೋಡಿದ್ದ. ನನ್ನನ್ನು ಬಿಟ್ಟು ನೋಡಿದ್ದ. ಅವಳ ಜೊತೆ ಕೂತು, ಅದೇ ಕೆರೆಗೆ ಅದೇ ರೋಬೋ ಬಿದ್ದದ್ದಕ್ಕೆ ಇಬ್ಬರೂ ಸೇರಿ ಮೊದಲ ನಗು ನಕ್ಕುಬಿಟ್ಟಿದ್ದರು, ನನಗೆ ಉಳಿದದ್ದು ಎಂಜಲು. ಕಾಫಿ ಬೇಡ ಅಂದು ಬೈಕು ಹತ್ತಿದೆ. ಜಾವಗಲ್ ಬರುವ ತನಕ ಗೇರು ಬದಲಾಯಿಸಿದ್ದೂ ನೆನಪಿಲ್ಲ.

ಮುಂದಿನ ಭಾನುವಾರ ಹೋಗುವುದೇ ಬೇಡ ಅಂದುಕೊಂಡೆ. ಆದರೆ ಹೋಗದೆ ಇದ್ದರೆ ಅವಳು ಗೆದ್ದ ಹಾಗೆ ಅನ್ನಿಸಿತು. ಒಂದು ಗೋಣಿಚೀಲದಲ್ಲಿ ತೆಂಗಿನಕಾಯಿ ತುಂಬಿಕೊಂಡು ಹೊರಟೆ, ಪ್ರತಿ ಸಲ ಒಯ್ಯುವ ಹಾಗೆ. ಈ ಸಲ ಎರಡು ಮಾತು ಆಡಿಯೇ ಬರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋದರೆ ಅವನು ಅಂಗಡಿಯಲ್ಲಿದ್ದ, ಟೂರಿಸ್ಟ್ ಬಸ್ಸುಗಳು ಬಂದಿದ್ದವಂತೆ. ಜಗಲಿಯ ಮೇಲೆ ಅವನ ಅಮ್ಮನೂ ಅವಳೂ ಅವರೆಕಾಯಿ ಸುಲಿಯುತ್ತಿದ್ದರು.

"ಬಾ ಮಗ, ಕೂತ್ಕೋ. ಅವನು ಈಗ್ಬತ್ತಾನೆ" ಎಂದು ಅಮ್ಮ ನನ್ನ ಮುಂದೂ ಒಂದು ರಾಶಿ ತಳ್ಳಿದರು. ಆ ಮನೆಯಲ್ಲಿ ನಾನು ನೆಂಟನಲ್ಲ, ಹಾಗಾಗಿ ಸುಲಿಯಲು ಕೂತೆ.

ನಾಲ್ಕು ಕಾಯಿ ಸುಲಿದು, ಆಮೇಲೆ ಚುಚ್ಚಿದೆ. "ಬಾಯಿ ಬಂದಿರೋ ರೋಬೋ ನೋಡಿ ಮನೇಲಿ ಎಲ್ರಿಗೂ ಖುಷಿ ಅಂತ ಕಾಣ್ಸುತ್ತೆ. ರಂಗೋಲೀಲೂ ಬಂದ್ಬಿಟ್ಟಿದೆ."

ಅವಳು ತಲೆ ಎತ್ತಿದಳು. "ಯಾರಿಗೆ ಖುಷಿ ಅಣ್ಣ? ನನಗಂತೂ ಅದನ್ನ ನೋಡಕ್ಕಾಗಲ್ಲ."

"ಮತ್ತೆ ರಂಗೋಲಿ?"

"ಇವ್ರು ಕೇಳಿದ್ರು ಅಂತ ಹಾಕ್ದೆ. ಆ ಬಾಯಿ ಬಿಡಿಸೋಷ್ಟರಲ್ಲಿ ಸಾಕ್‌ಸಾಕಾಯ್ತು. ಶುಕ್ರವಾರ ಬಂದ್ರೆ ಅಂಗಡೀಲೇ ಕೂತು ಒಬ್ರೇ ನೋಡ್ಬಿಡ್ತಾರೆ. ನನ್ನೂ ಕರೆದ್ರು, ನಾನು ಹೋಗ್ಲಿಲ್ಲ. ನನಗೆ ಹಳೇದೇ ಸರಿ."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಅವಳು ಸುಲಿಯುತ್ತಲೇ ಹೇಳಿದಳು. ಅವಳ ತವರಿನಲ್ಲೂ ಯಾರಿಗೂ ಹಿಂದಿ ಬರುತ್ತಿರಲಿಲ್ಲವಂತೆ. ಅಕ್ಕತಂಗಿಯರು ರೋಬೋ ಭುಜ ನೋಡಿ ಕಥೆ ಕಟ್ಟಿಕೊಳ್ಳುತ್ತಿದ್ದರಂತೆ. "ಒಂದ್ರಲ್ಲಿ ಅದನ್ನ ಆಚೆಗೆ ಹಾಕಿ ಗೇಟ್ ಮುಚ್ತಾರಲ್ಲ ಅಣ್ಣ, ಆಗ ಒಂದೇ ಒಂದು ಭುಜ ಇಳಿಯುತ್ತೆ. ಬಾಯಿ ಇದ್ದಿದ್ರೆ ಅಷ್ಟು ಅಳು ಬರ್ತಿರ್ಲಿಲ್ಲ."

ನಾನು ಗ್ರೂಪಿನಲ್ಲಿ ಬರೆದದ್ದನ್ನು ಅವಳು ಓದಿರಲಿಲ್ಲ, ಅವಳು ಗ್ರೂಪಿನಲ್ಲೇ ಇಲ್ಲ. ಖುಷಿಪಡಬೇಕಾಗಿತ್ತು. ಇಡೀ ತಾಲ್ಲೂಕಿನಲ್ಲಿ ಆ ಎಡಭುಜವನ್ನು ನನ್ನ ಹಾಗೆ ನೋಡಿದ ಇನ್ನೊಬ್ಬರು ಸಿಕ್ಕಿದ್ದರು. ಆದರೆ ನನಗೆ ಬಂದದ್ದು ಸಿಟ್ಟು. ಆ ಭುಜವೊಂದು ನನ್ನದಾಗಿತ್ತು, ಅದನ್ನೂ ಇವಳು ತೆಗೆದುಕೊಂಡಳು ಅನ್ನಿಸಿತು.

"ಅವನು ಯಾಕೆ ಹಾಗಾದ್ರೆ ಪಾರ್ಟಿ ಬದಲಾಯ್ಸಿದ?" ಎಂದೆ.

"ಎಲ್ಲಿ ಬದಲಾಯ್ಸಿದ್ರು? ಅವ್ರಿಗೆ ಹಳೇದು ಯಾವತ್ತೂ ಇಷ್ಟ ಇರ್ಲಿಲ್ವಲ್ಲ" ಎಂದಳು, ನನಗೆ ಗೊತ್ತಿರುವ ಮಾತನ್ನೇ ಹೇಳುವವಳ ಹಾಗೆ. "ಚಿಕ್ಕೋರಿದ್ದಾಗ ಆ ಬಾಯಿಲ್ಲದ ಮುಖ ಕಂಡ್ರೆ ಹೆದರಿಕೆ ಅಂತೆ. ತಟ್ಟೆ ನೋಡ್ಕೊಂಡು ಕೂತಿರ್ತಿದ್ರಂತೆ. ಮದುವೆ ಆದ ಹೊಸದ್ರಲ್ಲೇ ಹೇಳಿದ್ರು. ನಿಮ್ಗೆ ಹೇಳಿಲ್ವಾ?"

ನಾನು ಅಮ್ಮನ ಮುಖ ನೋಡಿದೆ. ಅವರು ಸಿಪ್ಪೆ ಒಟ್ಟು ಮಾಡುತ್ತಾ, "ಅಯ್ಯೋ, ಅದು ಬಂದ ದಿನ ನಿದ್ದೇಲಿ ಬೆಚ್ಚಿ ಬೀಳೋನು. ಟಿವಿ ತೆಗೆದು ಅಟ್ಟದ್ಮೇಲೆ ಹಾಕ್ತೀನಿ ಅಂದಿದ್ದೆ. ಬ್ಯಾಡಮ್ಮ, ಅವನು ಬರೋದು ನಿಂತೋಯ್ತದೆ ಅಂದ. ನಿಂಗೋಸ್ಕರ ಹಾಕ್ತಿದ್ದ ಮಗ" ಎಂದರು. ಅವರ ಪಾಲಿಗೆ ಅದು ಹಳೆಯ ತಮಾಷೆ. ಇಬ್ಬರೂ ನಕ್ಕರು, ನಾನೂ ನಕ್ಕೆ.

ಒಳಗೆ ನನಗೆ ಏನಾಗುತ್ತಿತ್ತೆಂದು ಹೇಗೆ ಹೇಳಲಿ? ಇದು ಪ್ರೀತಿಯ ಮಾತು, ತಿಳಿಯದೆ ಇಲ್ಲ. ಒಬ್ಬ ಹುಡುಗ ನನ್ನನ್ನು ಉಳಿಸಿಕೊಳ್ಳಲಿಕ್ಕೆ ದಿನಾ ಸಂಜೆ ಹೆದರಿಕೊಂಡು ಕೂತಿದ್ದ. ಆದರೆ ಅಮ್ಮನಿಗೆ ಗೊತ್ತಿತ್ತು, ನಿನ್ನೆ ಮೊನ್ನೆ ಬಂದ ಇವಳಿಗೆ ಗೊತ್ತಿತ್ತು, ಬೆನ್ನ ಹಿಂದೆಯೇ ಅವನನ್ನು ಕೂರಿಸಿಕೊಂಡಿದ್ದ ನನಗೆ ಗೊತ್ತಿರಲಿಲ್ಲ. ಅವನ ಹೂಂ ಹೂಂ ಎಲ್ಲ ನನ್ನ ಕಥೆಗೆ ಎಂದುಕೊಂಡಿದ್ದೆನಲ್ಲ. ನಾವಿಬ್ಬರೂ ಸೇರಿ ನೋಡಿದೆವು ಎಂದು ನಾನು ಲೆಕ್ಕ ಹಿಡಿದ ಅಷ್ಟೂ ಸಂಜೆ ನಾನೊಬ್ಬನೇ ನೋಡಿದ್ದೆ. ಇನ್ನು ಏನೇನಕ್ಕೆಲ್ಲ ಹಾಗೆ ಹೂಂ ಅಂದಿದ್ದಾನೋ. ನಾವು ಊರು ಬಿಡುವಾಗ ಅರಸೀಕೆರೆ ಏನು ದೂರ ಎಂದು ನಾನು ಅಂದಿದ್ದೆ, ಅದಕ್ಕೂ ಹೂಂ ಅಂದಿದ್ದ.

ಅವನು ಅಂಗಡಿ ಬಾಗಿಲು ಹಾಕಿಕೊಂಡು ಬಂದ. ಊಟದ ಹೊತ್ತು, ಅವರೆಕಾಳಿನ ಸಾರಿನ ಘಮ ಮನೆಯೆಲ್ಲ ತುಂಬಿತ್ತು. ಮೂರನೆಯ ಕಂತು ಹಾಕಿದ. ಅದರಲ್ಲಿ ಬೇರೆ ಊರಿಗೆ ಹೋಗುವ ಹುಡುಗಿಯೊಬ್ಬಳಿಗೆ ರೋಬೋ ಬಸ್ಸು ಹತ್ತಿಸುತ್ತದೆ. ಬಸ್ಸು ಹೊರಟಾಗ ಅದರ ಹೊಸ ಬಾಯಿ ನಡುಗುತ್ತದೆ. ಹೊಲಿಗೆ ಮಿಷನ್ನಿನ ಪಕ್ಕ ಕೂತಿದ್ದ ಅವಳು, "ನೋಡಿ, ಹಾಳ್ಮಾಡಿದ್ರು. ಬಾಯಲ್ಲೇ ಎಲ್ಲಾ ತೋರಿಸ್ಬಿಟ್ರೆ ನಾವು ನೋಡೋದೇನು ಉಳೀತು?" ಎಂದಳು.

"ಏನ್ ಹಾಳ್ಮಾಡಿದ್ರು?" ಗೆಳೆಯ ತಟ್ಟೆ ಕೆಳಗಿಟ್ಟ. "ಎಲ್ರೂ ನಿನ್ ಥರ ಭುಜ ನೋಡ್ಕೊಂಡು ಕೂತಿರ್ತಾರಾ? ಅದಕ್ಕೆ ಸಿಟ್ಟು ಬಂದೈತೋ, ಸುಮ್ನೆ ನಿಂತೈತೋ ಗೊತ್ತಾಗ್ದೇ ಇರೋದು ನಿಂಗೆ ಚೆಂದ, ನಂಗೆ ಭಯ. ಮುಖ ಅಂದ್ಮೇಲೆ ಒಳಗಿರೋದು ಆಚೆ ಕಾಣಬೇಕು."

"ಕಂಡ್ರೆ ಮುಗೀತಲ್ಲ. ಆಮೇಲೆ ಅದ್ರಲ್ಲೇನಿದೆ?"

"ನಿಂಗೆ ಚಿತ್ರ ನೋಡಕ್ಕೇ ಬರಲ್ಲ ಕಣೇ."

"ನಿಮ್ಗೆ ಬರುತ್ತಾ? ತಟ್ಟೆ ನೋಡಿದೋರು ನೀವು."

ಅವನಿಗೆ ಇಷ್ಟು ದೊಡ್ಡ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅವನು ಕಂತನ್ನು ನಿಲ್ಲಿಸಿದ, ಹಿಂದಕ್ಕೆ ಓಡಿಸಿದ, ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ, ಈ ಗೆರೆ ನೋಡು, ಈ ನೆರಳು ನೋಡು ಎಂದ. ಅವಳು ಅಷ್ಟಕ್ಕೂ ಎದುರು ಹೇಳಿದಳು. ಇಬ್ಬರ ಮುಖವೂ ಕೆಂಪಾಗಿತ್ತು. ಬೇಲೂರಕ್ಕನೂ ಬಾಣಾವರದ ಮೇಷ್ಟ್ರೂ ಗ್ರೂಪಿನಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಜಗಳ ಆಡಿಲ್ಲ. ಅಮ್ಮ ಇದೆಲ್ಲ ದಿನಾ ಇದ್ದದ್ದೇ ಎಂಬಂತೆ ನನಗೆ ಇನ್ನೊಂದು ಸೌಟು ಸಾರು ಬಿಟ್ಟರು. ನಾನು ಉಣ್ಣುವುದನ್ನು ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದೆ. ಅವನಿಗೆ ಹೆಂಡತಿ ಬಂದಳೆಂದು ನಾನು ಉರಿದುಕೊಂಡದ್ದು ಒಂದು ಲೆಕ್ಕಕ್ಕೇ ಅಲ್ಲ. ಈ ಜಗಳ ಕಂಡು ಆದ ಉರಿಯೇ ಬೇರೆ.

ನಾನೂ ಬಾಯಿ ಹಾಕಿದೆ. ಬೇಕೆಂದೇ, ಅವಳಿಗಿಂತ ಒರಟಾಗಿ. "ಅವಳು ಹೇಳೋದು ನಿಜ ಕಣೋ. ಬಾಯಿ ಇಟ್ಟು ಕೆಡಿಸಿದ್ದಾರೆ. ಇದನ್ನ ಚೆಂದ ಅನ್ನೋನಿಗೆ ಕಣ್ಣೇ ಇಲ್ಲ" ಅಂದೆ. ಬೈಯಲಿ ಎಂದು ಕಾದೆ. ಟಿವಿಗೆ ಬೆರಳಿಟ್ಟು, ಇಲ್ಲಿ ನೋಡೋ, ನಿಂಗೇನು ಗೊತ್ತು ಎಂದು ನನ್ನ ಮೇಲೂ ಏರಿ ಬರಲಿ ಎಂದು ಕಾದೆ.

ಅವನ ದನಿ ಆ ಕ್ಷಣಕ್ಕೇ ಇಳಿಯಿತು. ಟಿವಿಯ ಮುಂದಿನಿಂದ ಬಂದು ನನ್ನ ಪಕ್ಕ ಕೂತು, ನನ್ನ ತಟ್ಟೆಯ ಕಡೆಗೆ ತುಪ್ಪದ ಬಟ್ಟಲು ಸರಿಸಿದ.

"ನೀನ್ ಹೇಳೋದ್ರಲ್ಲೂ ಅರ್ಥ ಐತೆ ಕಣೋ" ಎಂದ.